ಕೆಮ್ಮಿಗೆ ಸಿಕ್ಕ ಒಂದು ಬಾಟಲಿ ಔಷಧಿ: ಹಳ್ಳಿಗಾಡು ಮತ್ತು ಉಸಿರಾಟದ ಕಾಯಿಲೆಗಳ ತಿಳಿವಳಿಕೆ

ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದದ್ದು 1959ರಲ್ಲಿ. ಹಳ್ಳಿಯ ಬಡವರಿಗೆ ಕ್ಷಯದ ಲಕ್ಷಣಗಳು ತಿಳಿಯುವುದಿಲ್ಲ, ತಿಳಿದರೂ ಅವರು ತಾವಾಗಿ ಆಸ್ಪತ್ರೆಗೆ ಬರುವವರಲ್ಲ, ಆದ್ದರಿಂದ ಎಕ್ಸ್‌ರೇ ಯಂತ್ರವನ್ನು ವಾಹನದಲ್ಲಿ ಹೇರಿಕೊಂಡು ಊರೂರು ತಿರುಗಿ ರೋಗಿಗಳನ್ನು ಹುಡುಕಬೇಕು ಎಂಬ ಅಭಿಪ್ರಾಯ ಆ ಕಾಲದ ತಜ್ಞರಲ್ಲಿ ಬಲವಾಗಿತ್ತು. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ಈ ಅಭಿಪ್ರಾಯವನ್ನೇ ಪರೀಕ್ಷೆಗೆ ಒಡ್ಡಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಕಫದಲ್ಲಿ ಕ್ಷಯದ ರೋಗಾಣು ಕಂಡುಬಂದಿದ್ದವರ ಪೈಕಿ ನೂರಕ್ಕೆ ಸುಮಾರು 95 ಮಂದಿಗೆ ತಮ್ಮ ಮೈಯಲ್ಲಿನ ಲಕ್ಷಣಗಳ ಅರಿವು ಚೆನ್ನಾಗಿಯೇ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರಲ್ಲಿ ಬಹುಪಾಲು ಜನರಿಗೆ ಕಫ ಪರೀಕ್ಷೆ ಆಗಿರಲಿಲ್ಲ. ಒಂದು ಬಾಟಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು.

ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು 1962ರಲ್ಲಿ ರೂಪುಗೊಂಡಾಗ ಈ ಅರಿವೇ ಅದರ ತಳಹದಿಯಾಯಿತು. ಕೆಮ್ಮು ಎಂದು ಸಾಮಾನ್ಯ ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲಿಯೇ ಪರೀಕ್ಷಿಸಿದರೆ ದೊಡ್ಡ ಪಾಲು ರೋಗಿಗಳು ಸಿಗುತ್ತಾರೆ ಎಂಬುದು ಅದರ ಸರಳ ತರ್ಕ. ಹೀಗಿದ್ದೂ ಅರವತ್ತು ವರ್ಷಗಳ ನಂತರವೂ ಪ್ರತಿ ಆರೋಗ್ಯ ಜಾಥಾದ ವೇದಿಕೆಯಲ್ಲಿ ಕೇಳಿಬರುವುದು 'ಜನರಲ್ಲಿ ತಿಳಿವಳಿಕೆ ಇಲ್ಲ' ಎಂಬ ಅದೇ ಹಳೆಯ ಮಾತು. ಹಳ್ಳಿಯವರಿಗೆ ಉಸಿರಾಟದ ಕಾಯಿಲೆಗಳ ಬಗ್ಗೆ ಏನು ತಿಳಿದಿದೆ, ಆ ತಿಳಿವಳಿಕೆ ಎಲ್ಲಿಯವರೆಗೆ ಸರಿಯಾಗಿದೆ, ಯಾವ ಹಂತದಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಬಿಡಿಸಿ ನೋಡದೆ ಆ ಮಾತನ್ನು ಆಡುವುದು ಸುಲಭ.

ಮೊದಲು ಮಾತುಗಳನ್ನೇ ನೋಡೋಣ. ದಮ್ಮು, ಉಬ್ಬಸ, ಗೂರಲು, ಏದುಸಿರು, ಒಣಕೆಮ್ಮು, ನಾಯಿಕೆಮ್ಮು, ಎದೆ ಕಟ್ಟುವುದು, ನೆಗಡಿ ಎದೆಗಿಳಿಯುವುದು: ಕನ್ನಡದಲ್ಲಿ ಉಸಿರಿನ ತೊಂದರೆಗೆ ಪದಗಳ ಬಡತನವಿಲ್ಲ. ಇವೆಲ್ಲ ಕಿವಿಗೆ ಕೇಳುವುದನ್ನು, ಮೈಗೆ ಅನುಭವವಾಗುವುದನ್ನು ಹಿಡಿದು ಹುಟ್ಟಿದ ಪದಗಳು. ಬೆಟ್ಟು ಮಾಡಿ ತೋರಿಸುವ ಕೆಲಸವನ್ನು ಅವು ನಿಖರವಾಗಿಯೇ ಮಾಡುತ್ತವೆ. ಆದರೆ ವೈದ್ಯಶಾಸ್ತ್ರ ಕಾಯಿಲೆಗೆ ಹೆಸರಿಡುವುದು ಎದೆಯ ಒಳಗೆ ಎಲ್ಲಿ, ಏನು ಕೆಟ್ಟಿದೆ ಎಂಬುದರ ಮೇಲೆ. ಹಾಗಾಗಿ ಹಳ್ಳಿಯವರು 'ದಮ್ಮು' ಎಂಬ ಒಂದೇ ಮಾತಿನಲ್ಲಿ ಹೇಳುವುದು ಒಳಗೆ ನಾಲ್ಕೈದು ಬೇರೆ ಬೇರೆ ಕಾಯಿಲೆಗಳಾಗಿರಬಹುದು. ಅಸ್ತಮಾದಲ್ಲಿ ಗಾಳಿಯ ಕೊಳವೆಗಳು ಉರಿಯೂತದಿಂದ ಊದಿಕೊಂಡು, ಸುತ್ತಲಿನ ಸ್ನಾಯುಗಳು ಬಿಗಿದು, ದಾರಿ ಕಿರಿದಾಗುತ್ತದೆ. ಔಷಧಿಯಿಂದಲೋ ಕೆಲವೊಮ್ಮೆ ತಾನಾಗಿಯೋ ಅದು ಮತ್ತೆ ತೆರೆದುಕೊಳ್ಳುತ್ತದೆ. ಸಿಒಪಿಡಿ ಎಂಬ ಕಾಯಿಲೆಯಲ್ಲಿ ವರ್ಷಗಟ್ಟಲೆ ಹೊಗೆ ಕುಡಿದ ಕೊಳವೆಗಳ ಗೋಡೆ ದಪ್ಪವಾಗಿ, ಗಾಳಿಚೀಲಗಳು ಹರಿದು ಹೋಗಿರುತ್ತವೆ. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಅಷ್ಟೆ. ನ್ಯುಮೋನಿಯಾದಲ್ಲಿ ಗಾಳಿ ತುಂಬಬೇಕಾದ ಚೀಲಗಳಲ್ಲಿ ಕೀವು ಮತ್ತು ನೀರು ತುಂಬುತ್ತದೆ. ಕ್ಷಯದಲ್ಲಿ ರೋಗಾಣು ಶ್ವಾಸಕೋಶವನ್ನು ತಿಂಗಳುಗಟ್ಟಲೆ ನಿಧಾನವಾಗಿ ಕೊರೆಯುತ್ತದೆ. ಕಲ್ಲುಗಣಿಯಲ್ಲಿ ದುಡಿದವನ ಎದೆಯಲ್ಲಿ ಸಿಲಿಕಾ ದೂಳು ಕೂತು ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಹೊರಗೆ ಕೇಳುವುದು ಮಾತ್ರ ಹೆಚ್ಚುಕಡಿಮೆ ಒಂದೇ ಕೆಮ್ಮು, ಒಂದೇ ಏದುಸಿರು.

ಒಂದೇ ಕೆಮ್ಮಿಗೆ ಒಂದೇ ಬಾಟಲಿ ಔಷಧಿ ಎಂಬ ಲೆಕ್ಕ ಹುಟ್ಟುವುದು ಇಲ್ಲಿಂದಲೇ, ಮತ್ತು ಈ ಲೆಕ್ಕವನ್ನು ಹಳ್ಳಿಯವರಿಗೆ ಕಲಿಸಿದ್ದು ನಾವೇ, ಅಂದರೆ ಆಸ್ಪತ್ರೆಗಳು ಮತ್ತು ಔಷಧಿ ಅಂಗಡಿಗಳು.

ಹೊಗೆಯ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಗ್ರಾಮೀಣ ಮಹಿಳೆಯರ ದಮ್ಮಿನ ದೊಡ್ಡ ಕಾರಣ ಅದು. ಸೌದೆ ಒಲೆಯ ಮುಂದೆ ಕೂತವಳು ಊದುಗೊಳವೆಯನ್ನು ಬಾಯಿಗಿಟ್ಟು ಊದುತ್ತಾಳೆ. ಊದುವುದಕ್ಕೆ ಮೊದಲು ಆಳವಾಗಿ ಉಸಿರೆಳೆದುಕೊಳ್ಳಬೇಕು, ಎಳೆದುಕೊಳ್ಳುವ ಗಾಳಿ ಒಲೆಯ ಬಾಯಿಂದ ಒಂದೆರಡು ಅಡಿ ದೂರದ್ದು. ಮಳೆಗಾಲದಲ್ಲಿ ಸೌದೆ ಹಸಿಯಾಗಿದ್ದರೆ ಊದುವುದೂ ಹೆಚ್ಚು, ಹೊಗೆಯೂ ಹೆಚ್ಚು. ಬಯಲುಸೀಮೆಯಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುರುಳು; ತೆಂಗಿನ ಸೀಮೆಯಲ್ಲಿ ಗರಿ, ಮಟ್ಟೆ, ಚಿಪ್ಪು. ಬಡವರ ಮನೆಯ ಉರುವಲು ಬೇಗ ಹತ್ತಿ ಬೇಗ ಆರುವಂಥದ್ದು, ಹಾಗಾಗಿ ಒಲೆಯ ಮುಂದಿನಿಂದ ಏಳುವ ಹಾಗಿಲ್ಲ. ಗಾಳಿಯಲ್ಲಿ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಸೌದೆ ಉರಿಯುವ ಮುಚ್ಚಿದ ಅಡುಗೆಮನೆಯಲ್ಲಿ ಅಡುಗೆಯ ಹೊತ್ತಿಗೆ ಅದು ನೂರುಗಳ ಲೆಕ್ಕದಲ್ಲಿರುತ್ತದೆ.

ಈ ಹೊಗೆಯ ಪ್ರಮಾಣವನ್ನು ಅಳೆಯಲು ಯಂತ್ರವಿಲ್ಲದೆಯೂ ಆಗುವ ಒಂದು ಲೆಕ್ಕವಿದೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಕೂರುತ್ತೀರಿ ಎಂಬುದನ್ನು ಎಷ್ಟು ವರ್ಷದಿಂದ ಕೂರುತ್ತಿದ್ದೀರಿ ಎಂಬುದರಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ಮೈಸೂರು ಭಾಗದ ಗ್ರಾಮೀಣ ಮಹಿಳೆಯರಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಸಂಖ್ಯೆ 60 ದಾಟಿದವರಲ್ಲಿ ದೀರ್ಘಕಾಲದ ಕಫಗೆಮ್ಮು ಗಮನಾರ್ಹವಾಗಿ ಹೆಚ್ಚು ಎಂದು ತೋರಿಸಿತು. ಲೆಕ್ಕ ಹಾಕಿ ನೋಡಿ: ಹದಿನೆಂಟಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳು ದಿನಕ್ಕೆ ಮೂರು ಗಂಟೆ ಒಲೆಯ ಮುಂದೆ ಕೂತರೆ ಮೂವತ್ತೆಂಟಕ್ಕೆ 60 ಮುಟ್ಟುತ್ತಾಳೆ. ಮದುವೆಗೆ ಮೊದಲು ತವರಿನ ಒಲೆಯ ಮುಂದೆ ಕೂತ ವರ್ಷಗಳು ಇದರಲ್ಲಿ ಸೇರಿಲ್ಲ. ಐವತ್ತು ದಾಟಿದ ಮೇಲೆ ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಏದುಸಿರು ಬಂದರೆ ಅವಳೂ ಮನೆಯವರೂ ಅದನ್ನು 'ವಯಸ್ಸಾಯಿತು' ಎಂದೇ ತಿಳಿಯುತ್ತಾರೆ. ಬೀಡಿ ಸೇದುವ ಗಂಡನ ಕೆಮ್ಮಿಗೆ ಕಾರಣವನ್ನು ಊರೇ ಹೇಳುತ್ತದೆ; ಸೇದದ ಹೆಂಡತಿಯ ಕೆಮ್ಮಿಗೆ ಕಾರಣವೇ ಇರುವುದಿಲ್ಲ. ಅಡುಗೆಮನೆಯ ಹೊಗೆ ಅವರ ಪಾಲಿಗೆ ಕಾಯಿಲೆಯ ಕಾರಣವಲ್ಲ, ಬದುಕಿನ ಭಾಗ. ಕಣ್ಣುರಿಯನ್ನು ಅವರು ಹೊಗೆಗೆ ಜೋಡಿಸುತ್ತಾರೆ, ಏಕೆಂದರೆ ಅದು ಆ ಕ್ಷಣವೇ ಆಗುತ್ತದೆ. ಇಪ್ಪತ್ತು ವರ್ಷದ ನಂತರ ಬರುವ ಏದುಸಿರನ್ನು ಜೋಡಿಸುವುದಿಲ್ಲ. ಇದು ಹಳ್ಳಿಯವರಿಗಷ್ಟೇ ಸೀಮಿತವಾದ ದೋಷವಲ್ಲ. ನಿಧಾನವಾಗಿ ಬರುವ ಹಾನಿಯನ್ನು ಕಾರಣದ ಜೊತೆ ಜೋಡಿಸುವುದು ಎಲ್ಲರಿಗೂ ಕಷ್ಟ.

ಪರಿಹಾರದ ಪ್ರಯತ್ನಗಳು ಇಲ್ಲದೆ ಇಲ್ಲ. ಎ. ಕೆ. ಎನ್. ರೆಡ್ಡಿ ಅವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದಿಂದ ಬಂದ ಹೊಗೆರಹಿತ ಒಲೆ, 1980ರ ದಶಕದಲ್ಲಿ ಕರ್ನಾಟಕದ ಅನೇಕ ಹಳ್ಳಿಗಳಿಗೆ 'ಅಸ್ತ್ರ ಒಲೆ' ಎಂಬ ಹೆಸರಿನಲ್ಲೇ ಪರಿಚಯವಾಯಿತು. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಬಂದು ಸಿಲಿಂಡರು ಬಡವರ ಮನೆಯನ್ನೂ ಹೊಕ್ಕಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ದೇಶದ ಗ್ರಾಮೀಣ ಮನೆಗಳಲ್ಲಿ ಅಡುಗೆಗೆ ಮುಖ್ಯವಾಗಿ ಶುದ್ಧ ಇಂಧನ ಬಳಸುತ್ತಿದ್ದವು ನೂರಕ್ಕೆ 43 ಮಾತ್ರ. ಈ ಸಂಖ್ಯೆಯ ಆಚೆಗೂ ಒಂದು ಸಂಗತಿಯಿದೆ, ಅದನ್ನು ಮನೆಯೊಳಗೆ ಹೋಗಿ ನೋಡಬೇಕು. ಚಹಾ, ಉಪ್ಪಿಟ್ಟು, ನೆಂಟರು ಬಂದಾಗಿನ ಅಡುಗೆ ಗ್ಯಾಸಿನ ಮೇಲೆ. ರೊಟ್ಟಿ, ಮುದ್ದೆ, ಎಲ್ಲಕ್ಕಿಂತ ಮುಖ್ಯವಾಗಿ ಬಚ್ಚಲ ಹಂಡೆಯ ನೀರು ಸೌದೆಯ ಮೇಲೆ. 'ನಿಮ್ಮ ಮನೆಯಲ್ಲಿ ಗ್ಯಾಸ್ ಇದೆಯೇ' ಎಂದು ಕೇಳಿದರೆ ಉತ್ತರ 'ಇದೆ'. 'ನೀರು ಯಾವುದರಲ್ಲಿ ಕಾಯಿಸುತ್ತೀರಿ' ಎಂದು ಕೇಳಿದರೆ ಮಾತ್ರ ಹೊಗೆಯ ಲೆಕ್ಕ ಪೂರ್ತಿಯಾಗುತ್ತದೆ. ನಾನು ಬೆಳೆದ ಮನೆಯಲ್ಲೂ ಅಡುಗೆಮನೆಯ ಗೋಡೆಗೆ ಸುಣ್ಣ ಬಳಿದು ಬೆಳ್ಳಗಾದ ಎಷ್ಟೋ ವರ್ಷಗಳ ಮೇಲೂ ಬಚ್ಚಲಮನೆಯ ಜಂತಿ ಕಪ್ಪಾಗಿಯೇ ಇತ್ತು.

ಇನ್ನು ದಮ್ಮಿನ ಚಿಕಿತ್ಸೆ. ಹಳ್ಳಿಯಲ್ಲಿ ಔಷಧಿಯ ಬಲಕ್ಕೆ ಒಂದು ಏಣಿಯಿದೆ: ಎಲ್ಲಕ್ಕಿಂತ ಕೆಳಗೆ ಗುಳಿಗೆ, ಅದರ ಮೇಲೆ ಸೂಜಿ, ಅದಕ್ಕೂ ಮೇಲೆ ಗ್ಲೂಕೋಸು. ಜನ 'ಪಂಪು' ಎನ್ನುವ ಇನ್ಹೇಲರು ಈ ಏಣಿಯ ತುದಿಯಲ್ಲಿ, ಭಯದ ಜಾಗದಲ್ಲಿ ನಿಂತಿದೆ. ಪಂಪು ಹಿಡಿದರೆ ಕೊನೆಯವರೆಗೆ ಬಿಡಲಾಗದು, ಅದು ಕೊನೆಯ ಹಂತದವರಿಗೆ ಕೊಡುವುದು, ಎಳೆಯ ಹುಡುಗಿ ಹಿಡಿದರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಮಾತುಗಳು ಸಾಮಾನ್ಯ. ವಾಸ್ತವ ಇದಕ್ಕೆ ತಿರುಗುಮುರುಗು. ಕೊಳವೆಗಳನ್ನು ಹಿಗ್ಗಿಸುವ ಸಾಲ್ಬುಟಮಾಲ್ ಗುಳಿಗೆಯೊಂದರಲ್ಲಿ 4 ಮಿಲಿಗ್ರಾಂ ಔಷಧಿ ಇದ್ದರೆ, ಪಂಪನ್ನು ಒಮ್ಮೆ ಒತ್ತಿದಾಗ ಬರುವುದು 100 ಮೈಕ್ರೋಗ್ರಾಂ, ಅಂದರೆ ಗುಳಿಗೆಯ ನಲವತ್ತರಲ್ಲಿ ಒಂದು ಪಾಲು. ಗುಳಿಗೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಹೊಡೆದುಕೊಳ್ಳುವಂತೆ ಮಾಡಿ ಆಮೇಲೆ ಕೊಳವೆಗೆ ಮುಟ್ಟುತ್ತದೆ. ಪಂಪಿನದು ನೇರವಾಗಿ ಕೊಳವೆಗೇ ಹೋಗುತ್ತದೆ. 'ಬಿಡಲಾಗದು' ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ: ಅಸ್ತಮಾ ದೀರ್ಘಕಾಲ ಇರುವ ಕಾಯಿಲೆ, ಅದಕ್ಕೆ ಔಷಧಿಯೂ ದೀರ್ಘಕಾಲ ಬೇಕು. ರಕ್ತದೊತ್ತಡದ ಗುಳಿಗೆಯನ್ನು ಯಾರೂ ಚಟ ಎನ್ನುವುದಿಲ್ಲ, ಪಂಪನ್ನು ಎನ್ನುತ್ತಾರೆ. ಎರಡು ಬಗೆಯ ಪಂಪುಗಳಿವೆ ಎಂಬುದನ್ನು ಯಾರೂ ಬಿಡಿಸಿ ಹೇಳದಿರುವುದು ಇದಕ್ಕೆ ಒಂದು ಕಾರಣ. ಒಂದು ಆ ಕ್ಷಣದ ಬಿಗಿತ ಬಿಡಿಸುವುದು, ಇನ್ನೊಂದು ಉರಿಯೂತ ತಗ್ಗಿಸಲು ದಿನವೂ ಬಳಸಬೇಕಾದದ್ದು. ಎರಡನೆಯದು ತಕ್ಷಣ ಏನನ್ನೂ ಮಾಡಿದಂತೆ ಕಾಣುವುದಿಲ್ಲವಾದ್ದರಿಂದ ಜನ ಅದನ್ನು ಬಿಟ್ಟು, ಮೊದಲನೆಯದನ್ನೇ ಹೆಚ್ಚು ಹೆಚ್ಚು ಒತ್ತುತ್ತಾರೆ. ಕಾಯಿಲೆ ಏರುತ್ತದೆ, ಪಂಪಿಗೆ ಕೆಟ್ಟ ಹೆಸರು ಬರುತ್ತದೆ. ಮಕ್ಕಳಿಗೂ ಮುದುಕರಿಗೂ ಪಂಪು ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಕೆಯಾಗದಿದ್ದರೆ ನಡುವೆ ಸ್ಪೇಸರ್ ಎಂಬ ಡಬ್ಬಿ ಬೇಕಾಗುತ್ತದೆ. ಕೊಳ್ಳಲಾಗದವರಿಗೆ ಅರ್ಧ ಲೀಟರಿನ ನೀರಿನ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ ಕೊಡುವ ಉಪಾಯವೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಪಂಪಿಗೆ ಅಂಜುವ ಜನ ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದಿನ ರೈಲು ಹತ್ತುತ್ತಾರೆ. ಅಲ್ಲಿ ಬತ್ತಿನಿ ಕುಟುಂಬದವರು ಪ್ರತಿ ಜೂನ್ ತಿಂಗಳಲ್ಲಿ ಜೀವಂತ ಮೀನಿನ ಬಾಯಲ್ಲಿ ಔಷಧಿಯಿಟ್ಟು ನುಂಗಿಸುತ್ತಾರೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಹೋಗುವವರು ಕಡಿಮೆಯಿಲ್ಲ. ಹೋಗಿ ಬಂದವರಲ್ಲಿ ಕೆಲವರು ಹಗುರಾಯಿತು ಎಂದು ಹೇಳುವುದು ಸುಳ್ಳಲ್ಲ. ಅಸ್ತಮಾ ಏರುತ್ತ ಇಳಿಯುತ್ತ ಸಾಗುವ ಕಾಯಿಲೆ. ಯಾರೇ ಆಗಲಿ ದೂರದೂರಿಗೆ ಔಷಧಿಗೆ ಹೊರಡುವುದು ಅದು ತೀರಾ ಏರಿದಾಗ, ಏರಿದ್ದು ಇಳಿಯುವುದು ಅದರ ಸ್ವಭಾವ, ಇಳಿದದ್ದರ ಕೀರ್ತಿ ಮಾತ್ರ ಮೀನಿಗೆ. ಇದಕ್ಕಿಂತ ಅಪಾಯದ್ದು ಚೀಟಿಯಿಲ್ಲದ ಪೊಟ್ಟಣದಲ್ಲಿ ಬರುವ ಪುಡಿ. ಎರಡೇ ದಿನಕ್ಕೆ ದಮ್ಮು ಇಳಿದು, ಹಸಿವು ಹೆಚ್ಚಿ, ವಾರಗಳು ಕಳೆದಂತೆ ಮುಖ ಉಬ್ಬಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಶಯ ಪಡಬೇಕು.

ಮಕ್ಕಳ ನ್ಯುಮೋನಿಯಾದಲ್ಲಿ ತಿಳಿವಳಿಕೆಯ ವ್ಯತ್ಯಾಸಕ್ಕೆ ತೆರಬೇಕಾದ ಬೆಲೆ ಎಲ್ಲಕ್ಕಿಂತ ಹೆಚ್ಚು, ಸಮಯ ಎಲ್ಲಕ್ಕಿಂತ ಕಡಿಮೆ. ಮಗುವಿನ ಎದೆ ಗೊರಗೊರ ಎನ್ನುವುದನ್ನು ತಾಯಿ ತಪ್ಪದೆ ಗುರುತಿಸುತ್ತಾಳೆ. ಆದರೆ ಗೊರಗೊರ ಸದ್ದು ಸಾಮಾನ್ಯ ನೆಗಡಿಯಲ್ಲೂ ಇರುತ್ತದೆ. ನ್ಯುಮೋನಿಯಾವನ್ನು ಹೇಳುವುದು ಉಸಿರಿನ ವೇಗ. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಗಡಿಯಾರ ನೋಡಿಕೊಂಡು, ಒಂದು ಪೂರ್ತಿ ನಿಮಿಷ ಹೊಟ್ಟೆಯ ಏರಿಳಿತ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಾದರೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದನ್ನು ನೆಗಡಿ ಎಂದು ಬಿಡುವಂತಿಲ್ಲ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೇದಿಕೊಂಡರೆ, ಮಗು ಹಾಲು ಬಿಟ್ಟರೆ, ಮಂಕಾದರೆ ಆ ರಾತ್ರಿಯೇ ಆಸ್ಪತ್ರೆ. ಈ ಹೊತ್ತಿನಲ್ಲಿ ದೃಷ್ಟಿ ತಗುಲಿದೆ, ಗಾಳಿ ಸೋಕಿದೆ ಎಂದು ಕಳೆಯುವ ಎರಡು ದಿನಗಳೇ ಸಾವಿಗೂ ಬದುಕಿಗೂ ನಡುವಿನ ಅಂತರವಾಗುವುದುಂಟು. ಮಧ್ಯಪ್ರದೇಶದ ಶಹಡೋಲ್ ಜಿಲ್ಲೆಯಲ್ಲಿ 2023ರಲ್ಲಿ ನ್ಯುಮೋನಿಯಾ ಬಂದಿದ್ದ ಮೂರು ತಿಂಗಳ ಹಸುಳೆಗೆ ಕಾದ ಕಬ್ಬಿಣದಿಂದ ಬರೆ ಹಾಕಲಾಗಿತ್ತು, ಮಗು ಉಳಿಯಲಿಲ್ಲ. ಬರೆ ಹಾಕುವ ಪದ್ಧತಿ ನಮ್ಮ ಕಡೆಗೂ ಅಪರಿಚಿತವಲ್ಲ. ನ್ಯುಮೋನಿಯಾದ ಒಂದು ಮುಖ್ಯ ರೋಗಾಣುವಿನ ವಿರುದ್ಧದ ಪಿಸಿವಿ ಲಸಿಕೆ 2021ರಿಂದ ದೇಶದ ಎಲ್ಲ ಮಕ್ಕಳಿಗೂ ಉಚಿತವಾಗಿ ಸಿಗುತ್ತಿದೆ.

ಕ್ಷಯದ ಮಾತಿಗೆ ಮರಳೋಣ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಬೇಕು ಎಂಬ ಸಾಲು ಗೋಡೆಬರಹವಾಗಿ ಎಲ್ಲ ಊರಿನಲ್ಲೂ ಇದೆ. ಆದರೆ ಕೂಲಿಯವನ ಲೆಕ್ಕ ಬೇರೆ. ತಾಲ್ಲೂಕು ಕೇಂದ್ರಕ್ಕೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. 2025-26ರ ಉದ್ಯೋಗ ಖಾತ್ರಿ ದರದಲ್ಲೇ ಹೇಳುವುದಾದರೆ 370 ರೂಪಾಯಿ. ಕಫ ಕೊಡಲು ಒಂದು ದಿನ, ವರದಿಗೆ ಒಂದು ದಿನ ಎಂದಾದರೆ ಅದರ ಎರಡರಷ್ಟು. ಕೆಲಸ ಮುಗಿಸಿ ಬಂದ ಮೇಲೆ ಸಂಜೆ ಏಳಕ್ಕೂ ಬಾಗಿಲು ತೆರೆದಿರುವವನು, ಸೂಜಿ ಹಾಕಿ ಅದೇ ದಿನ ಕಳಿಸುವವನು, ಊರಿನ ಆರ್‌ಎಂಪಿ, ಅಂದರೆ ವೈದ್ಯ ಪದವಿಯಿಲ್ಲದೆ ಚಿಕಿತ್ಸೆ ಕೊಡುವ ಊರ ಡಾಕ್ಟರು. ಅವನಲ್ಲಿಗೆ ಹೋಗುವುದನ್ನು ಅಜ್ಞಾನ ಎನ್ನುವುದಕ್ಕಿಂತ ಲೆಕ್ಕಾಚಾರ ಎನ್ನುವುದು ಹೆಚ್ಚು ಸರಿ. ಆ ಲೆಕ್ಕಾಚಾರದಲ್ಲಿ ಎರಡು ತಿಂಗಳು ಕಳೆದು, ಅಷ್ಟರಲ್ಲಿ ಮನೆಯ ಮಕ್ಕಳಿಗೂ ಸೋಂಕು ಹತ್ತಿರುತ್ತದೆ ಎಂಬುದು ಬೇರೆ ಮಾತು.

ಚಿಕಿತ್ಸೆ ಶುರುವಾದ ಮೇಲೆ ಎದುರಾಗುವುದು ಶೀತ-ಉಷ್ಣದ ಲೆಕ್ಕ. ಕ್ಷಯದ ಗುಳಿಗೆ ನುಂಗಿದ ದಿನವೇ ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಿಫಾಂಪಿಸಿನ್ ಎಂಬ ಔಷಧಿಯದೇ ಬಣ್ಣ, ಯಾವ ತೊಂದರೆಯೂ ಇಲ್ಲ. ಮೊದಲೇ ಹೇಳಿರದಿದ್ದರೆ ರೋಗಿ ತಾನೇ ತೀರ್ಮಾನಿಸುತ್ತಾನೆ: ಗುಳಿಗೆ ಉಷ್ಣ, ಮೈ ಕಾಯಿಸುತ್ತಿದೆ. ಎರಡು ತಿಂಗಳಿಗೆ ಕೆಮ್ಮೂ ನಿಂತಿರುತ್ತದೆ, ಉಷ್ಣದ ಗುಳಿಗೆಯನ್ನು ಇನ್ನೂ ನಾಲ್ಕು ತಿಂಗಳು ಏಕೆ ನುಂಗಬೇಕು? ನಡುವೆ ಬಿಟ್ಟರೆ ಉಳಿದ ರೋಗಾಣುಗಳು ಮತ್ತೆ ಹೆಚ್ಚಿ, ಔಷಧಿಗೆ ಬಗ್ಗದಂತಾಗಬಹುದು ಎಂಬುದು ಇಲ್ಲಿ ಹೇಳಬೇಕಾದ ಮಾತು. ಇನ್ನೊಂದು ಕಡೆ ಕಫ ಎಂದೊಡನೆ ಮೊಸರು, ಬಾಳೆಹಣ್ಣುಗಳು ಶೀತವೆಂದು ಬಂದ್ ಆಗುತ್ತವೆ. ಮೊದಲೇ ಸೊರಗಿದವನ ತಟ್ಟೆಯಿಂದ ಇದ್ದದ್ದೂ ಹೋಗುತ್ತದೆ. ಕ್ಷಯಕ್ಕೂ ಊಟಕ್ಕೂ ಇರುವ ನಂಟು ಎಷ್ಟು ಗಟ್ಟಿ ಎಂಬುದನ್ನು ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ: ರೋಗಿಯ ಮನೆಯವರಿಗೆ ಪೌಷ್ಟಿಕ ಆಹಾರದ ಕಿಟ್ ಕೊಟ್ಟದ್ದರಿಂದ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಚಿಕಿತ್ಸೆಯಲ್ಲಿರುವವರಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ತಟ್ಟೆ ಲೋಟ ಬೇರೆ ಇಡುವ ಮನೆಗಳು ಈಗಲೂ ಇವೆ. ಕ್ಷಯ ಹರಡುವುದು ಗಾಳಿಯಿಂದ, ಎಂಜಲು ತಟ್ಟೆಯಿಂದಲ್ಲ. ಸಾಮಾನ್ಯ ಕ್ಷಯದಲ್ಲಿ ಸರಿಯಾದ ಔಷಧಿ ಶುರುವಾದ ಕೆಲವು ವಾರಗಳಲ್ಲೇ ಹರಡುವ ಶಕ್ತಿ ಬಹಳವಾಗಿ ಕುಗ್ಗುತ್ತದೆ.

ಕೊನೆಯದಾಗಿ ಒಂದು ಸಣ್ಣ ಡಬ್ಬಿಯ ವಿಷಯ. ಕಫ ಪರೀಕ್ಷೆಗೆಂದು ಕೊಡುವ ಪ್ಲಾಸ್ಟಿಕ್ ಡಬ್ಬಿಯನ್ನು ಕೈಗಿಟ್ಟು 'ಇದರಲ್ಲಿ ಉಗುಳಿ ತನ್ನಿ' ಎಂದರೆ ಜನ ಉಗುಳನ್ನೇ ತರುತ್ತಾರೆ. ಉಗುಳು ಬಾಯಿಯದು, ನೀರಿನಂತೆ ತೆಳ್ಳಗೆ, ಬರೀ ನೊರೆ. ಕಫ ಶ್ವಾಸಕೋಶದ್ದು, ಗಟ್ಟಿ, ಅಂಟು. ಉಗುಳಿನಲ್ಲಿ ರೋಗಾಣು ಸಿಗದೆ ವರದಿಯಲ್ಲಿ 'ಇಲ್ಲ' ಎಂದು ಬರುತ್ತದೆ, ರೋಗಿ ನಿರಾಳವಾಗಿ ಮನೆಗೆ ಹೋಗುತ್ತಾನೆ. ನಾಲ್ಕು ಜನರ ಮುಂದೆ ಕ್ಯಾಕರಿಸಲು ನಾಚುವ ಹೆಣ್ಣುಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಇದನ್ನು ಬಲ್ಲ ಆಶಾ ಕಾರ್ಯಕರ್ತೆಯರು ಡಬ್ಬಿ ಕೊಡುವಾಗ ಹೇಳುವ ಕ್ರಮ ಹೀಗಿರುತ್ತದೆ: ಬೆಳಿಗ್ಗೆ ಎದ್ದ ಕೂಡಲೇ, ಏನನ್ನೂ ತಿನ್ನುವ ಮೊದಲು, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಹಿತ್ತಲಿಗೋ ಬಯಲಿಗೋ ಹೋಗಿ ನಿಂತು, ಎರಡು ಸಲ ಎದೆ ತುಂಬ ಉಸಿರೆಳೆದು ಬಿಟ್ಟು, ಮೂರನೆಯ ಸಲ ಎಳೆದು ಹೊಟ್ಟೆಯಿಂದ ಕೆಮ್ಮಿ, ಬಂದ ಗಟ್ಟಿ ಕಫವನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಿರಿ, ನೊರೆ ಬಂದರೆ ಚೆಲ್ಲಿ, ಮತ್ತೆ ಕೆಮ್ಮಿ.